ಎರಡು ಮನೆಯ ದಮ್ಮು

ಸಿರುಗುಪ್ಪದಲ್ಲಿ ನೆಲ್ಲು ಬಡಿಯುವ ಕಾಲ ಬಂತೆಂದರೆ ನೀಲಾಳ ಎದೆಯಲ್ಲಿ ಸದ್ದು ಶುರುವಾಗುತ್ತಿತ್ತು. ಮೊದಲ ವರ್ಷ ಅದನ್ನು ನೆಗಡಿ ಎಂದರು. ಎರಡನೆಯ ವರ್ಷ ದೃಷ್ಟಿಯಾಗಿದೆ ಎಂದು ತಾಯಿತ ಕಟ್ಟಿಸಿದರು. ಮೂರನೆಯ ವರ್ಷ, ಅಂದರೆ ೧೯೭೪ರ ಡಿಸೆಂಬರಿನಲ್ಲಿ, ಐದು ವರ್ಷದ ಆ ಹುಡುಗಿ ಒಂದು ಮಧ್ಯಾಹ್ನ ಪಡಸಾಲೆಯ ಕಂಬ ಹಿಡಿದು ನಿಂತು, ಎರಡೂ ಭುಜ ಕಿವಿಯತನಕ ಎತ್ತಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಅದನ್ನು ಕಂಡ ಓಣಿಯ ಒಬ್ಬ ಹೆಂಗಸು 'ಇದು ಕ್ಷಯನ ಇರಬೇಕು ನೋಡ್ರಿ' ಎಂದು ಹೇಳಿಹೋದಳು. ಅಂದೇ ಸಂಜೆ ಅಜ್ಜಿ ಜಂಬಮ್ಮ ಮೊಮ್ಮಗಳ ತಾಟು, ಲೋಟ ಬೇರೆ ಮಾಡಿದಳು.

ಜಂಬಮ್ಮ ಕೆಟ್ಟವಳಲ್ಲ. ಆಡುಸೋಗೆ ಎಲೆ ತಂದು ತಾನೇ ಅರೆದು ರಸ ಹಿಂಡಿ ಜೇನಿನಲ್ಲಿ ಕಲಸಿ ಕುಡಿಸುತ್ತಿದ್ದಳು. ಆದರೆ ಕುಡಿಸುವಾಗಲೆಲ್ಲ ಸೊಸೆ ಚನ್ನವೀರಮ್ಮನ ಕಡೆ ನೋಡಿ ಒಂದು ಮಾತು ಅನ್ನದೆ ಬಿಡುತ್ತಿರಲಿಲ್ಲ.

"ನಮ್ಮ ಮನಿತನದಾಗ ಇಂಥಾದ್ದು ಕಂಡಿಲ್ಲ, ಕೇಳಿಲ್ಲ."

ಚನ್ನವೀರಮ್ಮ ಬಳ್ಳಾರಿಯವಳು. ಮದುವೆಯಾಗಿ ಎಂಟು ವರ್ಷವಾಗಿತ್ತು. ಗಂಡ ಗಾದಿಲಿಂಗಪ್ಪ ಊರಿನ ಒಂದು ಅಕ್ಕಿ ಗಿರಣಿಯಲ್ಲಿ ನೆಲ್ಲು ತೂಗಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಸಂಜೆ ತಲೆ, ಹುಬ್ಬು, ಅಂಗಿಯ ಮಡಿಕೆಗಳಲ್ಲೆಲ್ಲ ತೌಡಿನ ಪುಡಿ ಹೊತ್ತು ಮನೆಗೆ ಬರುತ್ತಿದ್ದ. ನೀಲಾ ಓಡಿ ಹೋಗಿ ಅವನ ಕೊರಳಿಗೆ ಜೋತುಬೀಳುತ್ತಿದ್ದಳು. ಮನೆಯ ಸ್ವಂತ ಗದ್ದೆಯ ನೆಲ್ಲು ನಡುಮನೆಯ ಗೋಡೆಗುಂಟ ಚೀಲಚೀಲವಾಗಿ ಪೇರಿಸಿರುತ್ತಿತ್ತು. ನೀಲಾ ಅದರ ಮೇಲೇ ಆಡುವುದು, ಅದಕ್ಕೇ ಒರಗಿ ನಿದ್ದೆ ಮಾಡುವುದು. ಮಾವ ಮರಿಬಸಪ್ಪ ಹೆಚ್ಚು ಮಾತಿನ ಮನುಷ್ಯನಲ್ಲ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕೂತು ನಸ್ಯ ಏರಿಸಿ ಹತ್ತು ಹದಿನೈದು ಸಲ ಸೀನುವುದು ಅವನ ದಿನಚರಿ. ಓಣಿಯವರಿಗೆ ಅದೇ ಗಡಿಯಾರ.

ಆ ಸಲ ಉಬ್ಬಸ ಎರಡು ದಿನವಾದರೂ ಇಳಿಯಲಿಲ್ಲ. ಹುಡುಗಿಯ ತುಟಿಯ ಬಣ್ಣ ಬದಲಾದದ್ದನ್ನು ನೋಡಿ ಚನ್ನವೀರಮ್ಮ ಯಾರನ್ನೂ ಕೇಳದೆ ಸೀರೆ ಬದಲಿಸಿಕೊಂಡು ಗಂಡನ ಮುಂದೆ ನಿಂತಳು. "ಬಳ್ಳಾರಿಗೆ ಹೋಗೂಣ ನಡ್ರಿ," ಎಂದಳು. ಬೆಳಗಿನ ಬಸ್ಸಿಗೆ ಮೂವರೂ ಹೊರಟರು.

ಡಾಕ್ಟರ್ ಚಿದಾನಂದಪ್ಪನವರ ದವಾಖಾನೆ ಬ್ರೂಸ್‌ಪೇಟೆಯ ಒಂದು ಹಳೆ ಮನೆಯ ಮುಂಭಾಗದಲ್ಲಿತ್ತು. ಅವರು ನೀಲಾಳಿಗೆ ಸೂಜಿ ಹಾಕಿ, ಬೆಂಚಿನ ಮೇಲೆ ಕೂರಿಸಿ, ಬೇರೆ ಇಬ್ಬರು ರೋಗಿಗಳನ್ನು ನೋಡಿ ಮತ್ತೆ ಬಂದರು. ಅಷ್ಟರಲ್ಲಿ ಸದ್ದು ಕಡಿಮೆಯಾಗಿ ಹುಡುಗಿ ನೀರು ಕೇಳಿದಳು. ಅವರು ಎದೆಯ ಫೋಟೋ ತೆಗೆಸಿ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಕೂತರು.

"ನಿಮ್ಮ ಮನಿತನದಾಗ ಯಾರಿಗಾದ್ರೂ ದಮ್ಮು..."

"ಇಲ್ರಿ," ಎಂದ ಗಾದಿಲಿಂಗಪ್ಪ.

"ನಾನಿನ್ನೂ ಕೇಳಿ ಮುಗಿಸಿಲ್ಲ."

"ಯಾರಿಗೂ ಇಲ್ರಿ ಸಾರ್."

"ನಿಮ್ಮ ಕಡೀಗೇನಮ್ಮ?"

ಚನ್ನವೀರಮ್ಮ ಸ್ವಲ್ಪ ಯೋಚಿಸಿದಳು. ತವರಿನಲ್ಲಿ ಉಬ್ಬಸದವರು ಯಾರೂ ನೆನಪಾಗಲಿಲ್ಲ. "ಇಲ್ರಿ," ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ, ಇದು ಕ್ಷಯ ಅಲ್ಲ. ಒಬ್ರಿಂದ ಒಬ್ರಿಗೆ ಅಂಟೋದಲ್ಲ. ಕೂಸಿನ ತಾಟು ಬ್ಯಾರೆ ಮಾಡಿದ್ರ ಇವತ್ತೇ ಅದನ್ನ ಬಿಡ್ರಿ. ಆದ್ರ ಇದು ಬಹಳ ಮಂದಿಗೆ ಹಿರಿಯರಿಂದ ಇಳಿದು ಬರ್ತೈತಿ. ಹಂಗಂತ ಎಲ್ಲಾರಿಗೂ ದಮ್ಮಾಗೇ ಬರಬೇಕಂತಿಲ್ಲ. ಒಬ್ರಿಗೆ ಸೀನಾಗಿ ಬರ್ತೈತಿ, ಒಬ್ರಿಗೆ ಇಸಬಾಗಿ ಬರ್ತೈತಿ, ಒಬ್ರಿಗೆ ಎದಿ ಹಿಡಿತೈತಿ. ಒಬ್ರಿಗೆ ಏನೂ ಬರದಂಗ ಮುಂದಿನ ಪೀಳಿಗಿಗೆ ದಾಟ್ತೈತಿ. ಎಲ್ಲಾ ಒಂದೇ ಬಳಗ."

"ಇದ್ರಾಗ ತಪ್ಪು ಯಾರ್ದು ಅಂತ..." ಎಂದು ಗಾದಿಲಿಂಗಪ್ಪ ಕೇಳಹೊರಟ.

"ತಪ್ಪು ಹುಡುಕಾಕ ಕೇಳಾಕ್ಹತ್ತಿಲ್ಲ ನಾನು. ಹಿರಿಯರಿಗೆ ಯಾವಾಗ ಬರ್ತಿತ್ತು, ಏನು ತಾಗಿದ್ರ ಬರ್ತಿತ್ತು, ಹೆಂಗ ಕಡಿಮಿ ಆಗ್ತಿತ್ತು ಅಂತ ತಿಳಿದ್ರ ಈ ಕೂಸಿಗೆ ಅನುಕೂಲ ಆಗ್ತೈತಿ. ಕೇಳ್ಕೊಂಡು ಬರ್ರಿ."

ನಾಲ್ಕು ದಿನ ಸೂಜಿ ಹಾಕಿಸಬೇಕಿತ್ತು. ಗಿರಣಿಯಲ್ಲಿ ಹಂಗಾಮು ಜೋರಾಗಿದ್ದುದರಿಂದ ಗಾದಿಲಿಂಗಪ್ಪ ಅಂದೇ ಸಿರುಗುಪ್ಪಕ್ಕೆ ಹಿಂತಿರುಗಿದ. ಚನ್ನವೀರಮ್ಮ ಮಗಳನ್ನು ಕರೆದುಕೊಂಡು ತವರಿಗೆ ಹೋದಳು.

ತವರಿನಲ್ಲಿದ್ದವನು ಅಪ್ಪ ಎರ್ರೆಪ್ಪ ಒಬ್ಬನೇ. ತಾಯಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಎರ್ರೆಪ್ಪ ಬೆಂಗಳೂರು ರಸ್ತೆಯ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷದಿಂದ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ. ಮೊಮ್ಮಗಳು ಬಂದಳೆಂದು ಮೋಸಂಬಿ ತಂದಿದ್ದ. ಮರುದಿನ ಬೆಳಿಗ್ಗೆ ಕೂತು ಸುಲಿಯುತ್ತಿರುವಾಗ ರಸ ಬೆರಳಿನ ಸಂದಿಗೆ ಇಳಿದು 'ಸ್ಸ್' ಎಂದು ಉಸಿರೆಳೆದುಕೊಂಡು ಕೈ ಕೊಡವಿದ. ಚನ್ನವೀರಮ್ಮ ಆ ಕೈಗಳನ್ನು ಹುಟ್ಟಿದಂದಿನಿಂದ ನೋಡಿದ್ದಳು: ಮಣಿಕಟ್ಟಿನಲ್ಲಿ ಒರಟಾಗಿ ಕಪ್ಪಾದ ಚರ್ಮ, ಬೆರಳ ಗಿಣ್ಣಿನಲ್ಲಿ ಬಿರುಕು, ಚಳಿಗಾಲದಲ್ಲಿ ಒಸರುವ ನೀರು. ಆದರೆ ಅದು ಕೆಲಸದಿಂದ ಬಂದದ್ದು ಎಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದಕ್ಕೇ ಡಾಕ್ಟರು ಇಸಬು ಎಂದಾಗಲೂ ಅವಳಿಗೆ ಅಪ್ಪ ನೆನಪಾಗಿರಲಿಲ್ಲ.

"ಅಪ್ಪ, ಕೈಯಂದು ಯಾವಾಗಿಂದ ಐತಿ?"

"ಇದಾ? ಸೀಸದ್ದು. ಸೀಮೆಎಣ್ಣ್ಯಾಗ ತೊಳಿತೀವಲ್ಲ, ಅದ್ರದ್ದು."

"ಮೊಣಕಾಲ ಹಿಂದ ಸೀಸ ಎಲ್ಲಿಂದ ಬರಬೇಕಪ್ಪ? ಅಲ್ಲೂ ಐತಿ ನಿನಗ. ನೀನು ಜಳಕ ಮಾಡುವಾಗ ನೋಡೀನಿ ನಾನು."

ಎರ್ರೆಪ್ಪ ಸುಲಿದ ತೊಳೆಗಳನ್ನು ಮೊಮ್ಮಗಳ ಕೈಗೆ ಕೊಟ್ಟು ಅಂಗಿಯ ತೋಳು ಇಳಿಸಿಕೊಂಡ. ಚನ್ನವೀರಮ್ಮ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಸಣ್ಣವಿದ್ದಾಗಿಂದ ಐತಿ," ಎಂದ ಎರ್ರೆಪ್ಪ. "ನಮ್ಮಪ್ಪಗೂ ಇತ್ತು. ನಿಮ್ಮವ್ವನ ಕಡ್ಯಾವ್ರಿಗೆ ಅವನದು ಬೆಂಕಿ ತಾಗಿದ್ದು ಅಂತ ಹೇಳಿದ್ವಿ. ನಿನ್ನ ಮದುವಿ ಮಾತಿಗೆ ಸಿರುಗುಪ್ಪದವ್ರು ಬಂದಾಗ ಸಂಬಂಧ ಕೂಡಿಸಿದ ಕೊಟ್ಟೂರಪ್ಪ ನನ್ನ ಒಳಗ ಕರದು, ತುಂಬುದೋಳಿನ ಅಂಗಿ ಹಾಕ್ಕೊಂಡು ಕುಂದ್ರು ಎರ್ರೆಪ್ಪ, ಕೈ ಮುಂದ ಮಾಡಬ್ಯಾಡ ಅಂದ. ಬ್ಯಾಸಗಿ ದಿನ. ಬೆವರು ಹರೀತಿತ್ತು. ಹಾಕ್ಕೊಂಡು ಕುಂತೆ."

ಹೇಳಿ ಮುಗಿಸಿ ಮೊಮ್ಮಗಳ ಕಡೆ ನೋಡಿದ. "ನನ್ನಿಂದ ಬಂತೇನು ಅದಕ್ಕ?"

"ನಿನ್ನೊಬ್ಬನಿಂದ ಅಲ್ಲಪ್ಪ. ಹಂಗ ಹೇಳಾಕ ಬರಂಗಿಲ್ಲಂತ," ಎಂದಳು ಚನ್ನವೀರಮ್ಮ. ಆದರೂ ಆ ದಿನ ಎರ್ರೆಪ್ಪ ಊಟ ಮಾಡದೆ ಕೆಲಸಕ್ಕೆ ಹೋದ.

ಕೊಟ್ಟೂರಪ್ಪ ಚನ್ನವೀರಮ್ಮನ ಮದುವೆಯ ಸಂಬಂಧ ಕುದುರಿಸಿದ ಮುದುಕ. ಒಂದು ಕಾಲಕ್ಕೆ ಸೀರೆಯ ಗಂಟು ಹೊತ್ತು ಬಳ್ಳಾರಿ, ಕುರುಗೋಡು, ಮೋಕ, ಸಿರುಗುಪ್ಪ ಎಂದು ಊರೂರು ತಿರುಗಿದವನು. ಸೀರೆ ಮಾರಲು ಮನೆಯ ಒಳಗಿನ ಪಡಸಾಲೆಯತನಕ ಹೋಗುವವನಿಗೆ ಯಾವ ಮನೆಯಲ್ಲಿ ಯಾರು ಕೆಮ್ಮುತ್ತಾರೆ, ಯಾರಿಗೆ ಬಿಳಿ ಮಚ್ಚೆ ಇದೆ, ಯಾರು ಬೆಳಕಿಗೆ ಬರುವುದೇ ಇಲ್ಲ ಎಂಬುದೆಲ್ಲ ಗೊತ್ತಾಗುತ್ತಿತ್ತು. ಈಗ ಮೊಣಕಾಲು ಬಾತು ಮಗನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಿರುತ್ತಿದ್ದ. ಮೂರನೆಯ ದಿನ ಸೂಜಿ ಹಾಕಿಸಿಕೊಂಡು ಬರುವಾಗ ಚನ್ನವೀರಮ್ಮ ಅಲ್ಲಿಗೆ ಹೋದಳು.

"ಯಾರು? ಎರ್ರೆಪ್ಪನ ಮಗಳಲ್ಲೇನು? ಬಾ ಯವ್ವಾ, ಕುಂದ್ರು," ಎಂದ.

"ತಾತ, ಒಂದು ಮಾತು ಕೇಳಾಕ ಬಂದೀನಿ. ನನ್ನ ಗಂಡನ ಮನ್ಯಾಗ ದಮ್ಮು ಯಾರಿಗಿತ್ತು?"

ಮುದುಕ ಅಂಗಡಿಯ ಒಳಗೆ ಹೊರಗೆ ಕಣ್ಣಾಡಿಸಿದ. "ಅದನ್ನೆಲ್ಲ ಈಗ ಯಾಕ ಕೆದಕ್ತಿ? ಸಂಬಂಧ ಕೂಡಿಸೋರು ಬಾಯಿ ಬಿಟ್ರ ನಾಳಿ ನಮ್ಮನ್ನ ಯಾರು ಹೊಸ್ತಿಲ ಒಳಗ ಬಿಟ್ಕೊಂತಾರ?"

ಆಗ ಮಗ ಯಾವುದೋ ಗಿರಾಕಿಗೆ ಹೊಸ ಬಟ್ಟೆಯ ತಾನು ಬಿಚ್ಚಿ ಕೊಡವಿದ. ಗಂಜಿಯ ಪುಡಿ ಎದ್ದಿತು. ನೀಲಾ ಕೆಮ್ಮತೊಡಗಿದಳು. ಕೆಮ್ಮು ನಿಲ್ಲದೆ ಎರಡೂ ಭುಜ ಮೇಲೆದ್ದವು. ಕೊಟ್ಟೂರಪ್ಪ ಆ ಭುಜಗಳನ್ನು ನೋಡಿದ.

"ಹೊರಗ ಕರ್ಕೊಂಡು ನಡಿ ಅದನ್ನ. ಅಲ್ಲಿ ಕಟ್ಟಿ ಮ್ಯಾಲೆ," ಎಂದು ತಾನೂ ಗೋಡೆ ಹಿಡಿದು ಎದ್ದು, ನೋವಿಗೆ ಮುಖ ಕಿವುಚಿ ಹೊರಗೆ ಬಂದ. ಹುಡುಗಿ ಸುಧಾರಿಸಿಕೊಳ್ಳುವತನಕ ಪಕ್ಕದಲ್ಲೇ ನಿಂತಿದ್ದ.

"ಥೇಟ್ ಗಿಡ್ಡಮ್ಮನಂಗ," ಎಂದ.

"ಗಿಡ್ಡಮ್ಮ ಯಾರು?"

"ನಿಮ್ಮ ಮಾವನ ತಂಗಿ."

ಚನ್ನವೀರಮ್ಮನಿಗೆ ಮಾವನಿಗೆ ತಂಗಿಯೊಬ್ಬಳಿದ್ದಾಳೆ ಎಂಬುದೇ ತಿಳಿದಿರಲಿಲ್ಲ.

"ಮೋಕಕ್ಕ ಕೊಟ್ಟಿದ್ರು. ಎರಡು ವರ್ಷ ತುಂಬೋದ್ರೊಳಗ ಕ್ಷಯದ ಹೆಣ್ಣು ಅಂತ ಗಂಡನ ಮನ್ಯಾವ್ರು ತಂದು ಬಿಟ್ಟು ಹೋದ್ರು. ಮನ್ಯಾಗ ಇಟ್ಕೊಂಡ್ರ ಮುಂದ ಮಕ್ಕಳ ಮದುವಿಗೆ ತೊಂದ್ರಿ ಆಗ್ತೈತಂತ ನಿಮ್ಮ ಮಾವ ಕುರುಗೋಡಿನ್ಯಾಗ ಒಂದು ಮನಿ ಮಾಡಿ ಇಟ್ಟ. ಇದ್ದಾಳ ಈಗೂ. ವರ್ಷಕ್ಕೊಮ್ಮೆ ಸೀರಿ, ಅಕ್ಕಿ ನನ್ನ ಕೈಲೆ ಕಳಿಸ್ತಿದ್ದ. ಈಗ ನನ್ನ ಮಗ ಕೊಟ್ಟು ಬರ್ತಾನ."

"ನಮಗ ಯಾಕ ಹೇಳಲಿಲ್ಲ ತಾತ?"

"ನಿಮ್ಮಪ್ಪನ ಕೈ ಸುದ್ದಿ ಅವ್ರಿಗೆ ಹೇಳಲಿಲ್ಲ. ಗಿಡ್ಡಮ್ಮನ ಸುದ್ದಿ ನಿಮಗ ಹೇಳಲಿಲ್ಲ. ಎರಡೂ ಕಡೆ ಸರಿಸಮ ಆತು, ಯಾರಿಗೂ ಮೋಸ ಇಲ್ಲ ಅಂದ್ಕೊಂಡೆ." ಮುದುಕ ನೀಲಾಳ ಬೆನ್ನ ಮೇಲೆ ಕೈ ಇಟ್ಟ. "ಇದೊಂದು ಹುಟ್ಟಿ ಬರ್ತೈತಿ ಅಂತ ನನ್ನ ಲೆಕ್ಕದಾಗ ಇರಲಿಲ್ಲ ಯವ್ವಾ."

ಚನ್ನವೀರಮ್ಮನಿಗೆ ಸಿಟ್ಟು ಬಂದಿತ್ತು. ಆದರೆ ಬೈದರೆ ಮುದುಕ ಮತ್ತೆ ಬಾಯಿ ಮುಚ್ಚಿಕೊಂಡಾನೆಂದು ಕುರುಗೋಡಿನ ಮನೆಯ ಗುರುತು ಕೇಳಿಕೊಂಡು ಎದ್ದಳು.

ನಾಲ್ಕನೆಯ ದಿನದ ಸೂಜಿ ಮುಗಿಸಿ ಅವಳು ಸಿರುಗುಪ್ಪದ ಬಸ್ಸು ಹತ್ತುವ ಬದಲು ಕುರುಗೋಡಿನ ಬಸ್ಸು ಹತ್ತಿದಳು. ಗಂಡನನ್ನು ಕೇಳದೆ ಅವಳು ಒಂದು ಊರಿಗೆ ಹೋದದ್ದು ಅದೇ ಮೊದಲು.

ದೊಡ್ಡ ಬಸವಣ್ಣನ ಗುಡಿಯ ಹಿಂದಿನ ಓಣಿಯಲ್ಲಿ ಗುಡ್ಡಕ್ಕೆ ಮುಖ ಮಾಡಿದ ಒಂದೇ ಅಂಕಣದ ಕಲ್ಲಿನ ಮನೆ. ಬಾಗಿಲು ತೆರೆದಿತ್ತು. ಒಳಗೆ ನಲವತ್ತು ದಾಟಿದ ಸಣಕಲು ಹೆಂಗಸೊಬ್ಬಳು ಕೈಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಚನ್ನವೀರಮ್ಮ ತಾನು ಮರಿಬಸಪ್ಪನ ಸೊಸೆ ಎಂದು ಹೇಳಿಕೊಂಡಳು. ಹೆಂಗಸು ಮಿಷನ್ನಿನ ಚಕ್ರ ನಿಲ್ಲಿಸಿ ಅವಳನ್ನಲ್ಲ, ಅವಳ ಸೆರಗು ಹಿಡಿದು ನಿಂತ ಹುಡುಗಿಯನ್ನು ನೋಡಿದಳು.

"ಬಾ ಇಲ್ಲಿ," ಎಂದು ನೀಲಾಳನ್ನು ಹತ್ತಿರ ಕರೆದು, ಅವಳ ಬೆನ್ನಿಗೆ ಕಿವಿ ಹಚ್ಚಿದಳು. ಆಮೇಲೆ ಕೇಳಿದಳು:

"ದಮ್ಮು ಬರೋಕ ಮುಂಚೆ ನಿನಗ ಗದ್ದದ ಕೆಳಗ ತುರಸ್ತೈತೇನು?"

ನೀಲಾ ತಾಯಿಯ ಮುಖ ನೋಡಿ ಹೌದೆಂದು ತಲೆಯಾಡಿಸಿದಳು.

ಚನ್ನವೀರಮ್ಮ ಹೊಸ್ತಿಲ ಬಳಿ ಕುಕ್ಕರಿಸಿ ಕೂತಳು. ಮಗಳು ಆಗಾಗ ಗದ್ದ ಕೆರೆದುಕೊಳ್ಳುವುದನ್ನು ಮೂರು ವರ್ಷದಿಂದ ನೋಡಿದ್ದಳು. ಸೊಳ್ಳೆ ಕಚ್ಚಿರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿದ್ದಳು.

"ನನಗೂ ಹಂಗ," ಎಂದಳು ಗಿಡ್ಡಮ್ಮ. "ತುರಿಕಿ ಬಂದು ಅರ್ಧ ತಾಸಿಗೆ ಎದಿ ಹಿಡಿತೈತಿ. ಅಷ್ಟರಾಗ ಎಚ್ಚರ ಆಗಬೇಕು. ಧೂಳಿದ್ದ ಕಡೆಯಿಂದ ಎದ್ದು ಹೋಗಬೇಕು. ಹಾಲಿಲ್ಲದ ಕಾಫಿ, ಗಟ್ಟಿಯಾಗಿ, ಬಿಸಿಬಿಸಿ ಕುಡೀಬೇಕು. ಗುಳಿಗಿ ಇದ್ರ ಆವಾಗ್ಲೇ ನುಂಗಬೇಕು. ಎದಿ ಹಿಡಿದ ಮ್ಯಾಲೆ ಕೊಟ್ರ ತಡ ಆಗ್ತೈತಿ."

ಚನ್ನವೀರಮ್ಮ ಆಗ ಮನೆಯನ್ನು ಸರಿಯಾಗಿ ನೋಡಿದಳು. ಮನೆಯೊಳಗೆ ಒಂದು ಚೀಲ ಕಾಳಿರಲಿಲ್ಲ. ಅಕ್ಕಿ ವಾರಕ್ಕೆ ಬೇಕಾದಷ್ಟೇ, ಮುಚ್ಚಳದ ಡಬ್ಬಿಯಲ್ಲಿ. ಹತ್ತಿಯ ಹಾಸಿಗೆ ಇಲ್ಲ, ದಿಂಬಿಲ್ಲ. ಮಡಚಿಟ್ಟ ಎರಡು ಒಗೆದ ಜಮಖಾನ. ಒಲೆ ಹೊರಗೆ ಹಿತ್ತಲಿನಲ್ಲಿ. ನೆಲ ನೀರಿನಿಂದ ಒರೆಸಿತ್ತು.

"ಕಸ ಒಣದು ಬಳಿಯೋಹಾಂಗಿಲ್ಲ," ಎಂದಳು ಗಿಡ್ಡಮ್ಮ. "ನೀರು ಚಿಮುಕಿಸಿ ಬಳೀಬೇಕು. ಯಾರೂ ಹೇಳಿಕೊಟ್ಟಿಲ್ಲ ನನಗ. ಒಂದೊಂದಕ್ಕ ಒಂದೊಂದು ವರ್ಷ ಹಿಡೀತು ತಿಳಿಯಾಕ."

ಅಂದು ಅಲ್ಲಿಯೇ ಉಳಿದರು. ಸಂಜೆ ಹಿತ್ತಲಲ್ಲಿ ಜೋಳದ ರೊಟ್ಟಿ ಬಡಿಯುತ್ತಾ ಗಿಡ್ಡಮ್ಮ ತನ್ನ ಕಥೆಯನ್ನು ಬೇರೆ ಯಾರದೋ ಎಂಬಂತೆ ಹೇಳಿದಳು. ಹದಿನೈದಕ್ಕೆ ಮೋಕಕ್ಕೆ ಹೋದದ್ದು. ಅತ್ತೆ ಜೋಳದ ಕಣದಲ್ಲಿ ತೂರಲು ಹಚ್ಚಿದ್ದು. ಮೊದಲ ಸುಗ್ಗಿಯಲ್ಲಿ ಕಣದಲ್ಲೇ ಬಿದ್ದದ್ದು. ಎರಡನೆಯ ಸುಗ್ಗಿಗೆ ಮುಂಚೆಯೇ ಗಾಡಿ ಹೂಡಿ ಕಳಿಸಿದ್ದು.

"ನಿಮ್ಮವ್ವಗ ಇತ್ತೇನ್ರಿ ಅತ್ತಿ?" ಎಂದು ಕೇಳಿದಳು ಚನ್ನವೀರಮ್ಮ.

"ಅವ್ವ ಕುಂತೇ ನಿದ್ದಿ ಮಾಡಾಕಿ. ಗ್ವಾಡಿಗೆ ಒರಗಿ. ದೊಡ್ಡ ಶಿವಭಕ್ತಿ, ಇಡೀ ರಾತ್ರಿ ಜಪ ಮಾಡ್ತಾಳ ಅಂತ ಮಂದಿ ಕಾಲಿಗೆ ಬೀಳ್ತಿದ್ರು. ಭಕ್ತಿನೂ ಇತ್ತು ಅನ್ನು. ಆದ್ರ ಮಲಗಿದ್ರ ಉಸಿರು ಸಿಗ್ತಿರಲಿಲ್ಲ ಅಕಿಗೆ."

"ಮಾವಗ ಏನಿಲ್ಲಲ್ಲ?"

ಗಿಡ್ಡಮ್ಮ ಮೊದಲ ಸಲ ನಕ್ಕಳು. "ಈಗೂ ನಸ್ಯ ಹಾಕ್ತಾನೇನು? ಮಂದಿ ನಸ್ಯದಿಂದ ಸೀನು ಬಂತಂತಾರ. ಸೀನು ಏಳೆಂಟು ವರ್ಷದವಿದ್ದಾಗ್ಲೇ ಇತ್ತು. ನಸ್ಯ ಹಚ್ಚಿಕೊಂಡಿದ್ದು ಮದುವಿ ವಯಸ್ಸಿನ್ಯಾಗ. ಯಾರಾದ್ರೂ ಕೇಳಿದ್ರ ಹೇಳಾಕ ಒಂದು ನೆವ ಬೇಕಿತ್ತು."

ಮರುದಿನ ಸಿರುಗುಪ್ಪ ತಲುಪಿದಾಗ ಗಾದಿಲಿಂಗಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಹಿಂದಿನ ದಿನವೂ ಕಾದು ಹೋಗಿದ್ದನಂತೆ. ಎಲ್ಲಿಗೆ ಹೋಗಿದ್ದಿ ಎಂದು ದನಿ ಎತ್ತುವ ಮುಂಚೆಯೇ ಚನ್ನವೀರಮ್ಮ, "ಕುರುಗೋಡಿನ ಅತ್ತೀನ್ನ ನೋಡಿ ಬಂದೆ," ಎಂದಳು. ಗಾದಿಲಿಂಗಪ್ಪ ಮನೆಯತನಕ ಮಗಳನ್ನು ಎತ್ತಿಕೊಂಡು ನಡೆದ. ಬಾಗಿಲ ಹತ್ತಿರ ಬಂದಾಗ ಹೇಳಿದ.

"ನನಗ ಗೊತ್ತಿತ್ತು."

"ಗೊತ್ತಿದ್ದೂ ಡಾಕ್ಟರ ಮುಂದ ಇಲ್ಲ ಅಂದ್ರಿ."

"ಸಣ್ಣವಿದ್ದಾಗಿಂದ ಹೇಳಿಕೊಟ್ಟಿದ್ರು. ಯಾರು ಕೇಳಿದ್ರೂ ಇಲ್ಲ ಅನ್ನು ಅಂತ. ಬಾಯಿ ತಾನ ಅಂದುಬಿಡ್ತು."

ಚನ್ನವೀರಮ್ಮ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಮಾವ ಊಟ ಮುಗಿಸಿ ಕೈ ತೊಳೆದು ಕೂತಾಗ, ಎದುರಿಗೆ ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ತನ್ನ ಅಪ್ಪನ ಇಸಬನ್ನೇ ಮೊದಲು ಹೇಳಿದಳು. ಆಮೇಲೆ ಗಿಡ್ಡಮ್ಮನ ಮಾತು.

ಜಂಬಮ್ಮ ಅಡುಗೆಮನೆಯಿಂದ ಓಡಿ ಬಂದಳು. "ದನಿ ಇಳಸು! ಪಂಪಮ್ಮನ ಮಾತು ನಡದೈತಿ ತೆಕ್ಕಲಕೋಟಿಯವ್ರ ಜೊತಿ. ಅವ್ರ ಕಿವಿಗೆ ಬಿತ್ತಂದ್ರ?" ಪಂಪಮ್ಮ ಕಿರಿಯ ಮಗಳು, ಮಾಘಕ್ಕೆ ನಿಶ್ಚಯ ಮಾಡಬೇಕೆಂದಿದ್ದರು. "ಮತ್ತ ಇದೂ ಹೆಣ್ಣು ಕೂಸು. ನಾಳಿ ಇದನ್ನ ಯಾರು ಮಾಡ್ಕೊಂತಾರ? ತಾಯಾಗಿ ನಿನಗ ತಿಳಿಯಾಂಗಿಲ್ಲೇನು?"

"ನಾಳಿತನಕ ಉಸಿರು ಇರಬೇಕಲ್ಲ ಅತ್ತಿ," ಎಂದಳು ಚನ್ನವೀರಮ್ಮ.

ಮರಿಬಸಪ್ಪ ತಲೆ ಎತ್ತದೆ ಕೇಳಿದ. "ಹೆಂಗ ಅದಾಳ?"

"ಸೊರಗ್ಯಾರ. ಬ್ಲೌಸು ಹೊಲೀತಾರ."

ಅವನು ಎದ್ದು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಎರಡು ಎತ್ತಿನ ಗಾಡಿ ಬಂದು ನಿಂತವು. ಮರಿಬಸಪ್ಪ ಆಳುಗಳನ್ನು ಕರೆಸಿ ನಡುಮನೆಯ ನೆಲ್ಲಿನ ಚೀಲಗಳನ್ನೆಲ್ಲ ಹೊರಿಸಿ ಗಿರಣಿಯ ಗೋದಾಮಿಗೆ ಸಾಗಿಸಿದ. ಜಂಬಮ್ಮ, ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಹಾಕುತ್ತೀರಾ ಎಂದು ಅತ್ತಳು. ಅವನು ನೆಲ ತೊಳೆಸಿದ ಮೇಲೆ ಸೊಸೆಗೆ, "ಡಾಕ್ಟರ ಕಡೆ ಮತ್ತ ಯಾವಾಗ ಹೋಗಬೇಕು? ನಾನೂ ಬರ್ತೀನಿ," ಎಂದ.

ಚಿದಾನಂದಪ್ಪನವರ ಮುಂದೆ ಮರಿಬಸಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ನಿಂತೇ ಹೇಳಿದ.

"ನಮ್ಮವ್ವ ಹದಿನಾಲ್ಕು ವರ್ಷ ಕುಂತೇ ನಿದ್ದಿ ಮಾಡಿದ್ಲು. ನಮ್ಮ ತಂಗಿಗೆ ಹನ್ನೊಂದನೇ ವರ್ಷಕ್ಕ ಶುರು ಆತು. ನನಗ ಸೀನು. ಬೆಳಿಗ್ಗಿ, ಮತ್ತ ಹೊಟ್ಟಿನ ಧೂಳಿಗೆ. ಬರ್ಕೊಳ್ರಿ."

ಡಾಕ್ಟರು ಬರೆದುಕೊಂಡರು. ಎರ್ರೆಪ್ಪನದೂ, ಎರ್ರೆಪ್ಪನ ತಂದೆಯದೂ ಚನ್ನವೀರಮ್ಮ ಹೇಳಿದಳು. ಗದ್ದದ ತುರಿಕೆಯ ಮಾತಿಗೆ ಅವರು ಪೆನ್ನು ನಿಲ್ಲಿಸಿದರು. "ಇದನ್ನ ಯಾರು ಹೇಳಿದ್ರು?" ಎಂದು ಕೇಳಿ ತಿಳಿದುಕೊಂಡು, "ಶ್ಯಾಣೇ ಹೆಣ್ಣುಮಗಳು," ಎಂದರು. "ತುರಿಕಿ ಬಂದ ಕೂಡ್ಲೆ ಈ ಗುಳಿಗಿ ಅರ್ಧ ಕೊಡ್ರಿ. ನೆಲ್ಲು ಬಡಿಯೋ ಎರಡು ತಿಂಗಳು ಕೂಸನ್ನ ಬ್ಯಾರೆ ಎಲ್ಲಾದ್ರೂ ಇಡಾಕ ಆಗ್ತೈತೇನು ನೋಡ್ರಿ. ನೀವೂ ಮಿಲ್ಲಿನಿಂದ ಬಂದ ಮ್ಯಾಲೆ ಜಳಕ ಮಾಡಿ ಅಂಗಿ ಬದಲಿಸಿ ಕೂಸನ್ನ ಮುಟ್ರಿ," ಎಂದು ಗಾದಿಲಿಂಗಪ್ಪನಿಗೂ ಹೇಳಿದರು.

ಹೊರಗೆ ಬಂದ ಮೇಲೆ ಮರಿಬಸಪ್ಪ ಮಗ ಸೊಸೆಯನ್ನು ಸಿರುಗುಪ್ಪದ ಬಸ್ಸಿಗೆ ಹತ್ತಿಸಿದ. ತಾನು ಹತ್ತಲಿಲ್ಲ. "ನೀವು ಹೋಗ್ರಿ. ನನಗ ಕುರುಗೋಡಿಗೆ ಹೋಗೋದೈತಿ," ಎಂದ. ಒಂಬತ್ತು ವರ್ಷದ ಮೇಲೆ ತಂಗಿಯ ಮನೆಗೆ ಹೋದ ಅವನು ಅಲ್ಲಿ ಏನು ಮಾತಾಡಿದನೋ ಯಾರಿಗೂ ತಿಳಿಯಲಿಲ್ಲ. ಮೂರನೆಯ ದಿನ ಹಿಂತಿರುಗಿ, ನೀಲಾಳ ಬಟ್ಟೆ ಕಟ್ಟಲು ಹೇಳಿದ.

ತೆಕ್ಕಲಕೋಟೆಯ ಸಂಬಂಧ ಮುರಿಯಿತು. ಸೊಸೆಯೇ ಬಾಯಿ ಬಿಟ್ಟಿದ್ದಾಳೆಂದು ಜಂಬಮ್ಮ ಮೂರು ತಿಂಗಳು ಚನ್ನವೀರಮ್ಮನ ಕೈಯ ನೀರು ಕುಡಿಯಲಿಲ್ಲ. ಪಂಪಮ್ಮನೂ ಅತ್ತು ಅತ್ತು ಅತ್ತಿಗೆಯ ಮುಖ ನೋಡುವುದನ್ನೇ ಬಿಟ್ಟಳು. ನಿಜ ಹೊರಬಿದ್ದದ್ದು ಯುಗಾದಿ ಕಳೆದ ಮೇಲೆ. ಹುಡುಗನ ತಂದೆ ನೆಲ್ಲು ಹಾಕಲು ಗಿರಣಿಗೆ ಬಂದಾಗ ಮರಿಬಸಪ್ಪನೇ ಅವನನ್ನು ಪಕ್ಕಕ್ಕೆ ಕರೆದು, ನಮ್ಮ ಮನೆತನದಲ್ಲಿ ಹೀಗೊಂದಿದೆ, ಹುಡುಗಿಗೆ ಇಲ್ಲ, ಆದರೆ ಮುಂದೆ ಮಕ್ಕಳಿಗೆ ಬಂದರೂ ಬರಬಹುದು, ತಿಳಿದು ಮಾಡಿಕೊಳ್ಳಿ ಎಂದಿದ್ದನಂತೆ. ಅವರು ಯೋಚಿಸಿ ಹೇಳುತ್ತೇವೆಂದು ಹೋದವರು ಮತ್ತೆ ಬರಲಿಲ್ಲ. ಇದನ್ನು ಗಂಡನ ಬಾಯಿಂದಲೇ ಕೇಳಿದ ಜಂಬಮ್ಮ ಮರುದಿನ ಸೊಸೆಯ ಕೈಯಿಂದ ನೀರು ಇಸಿದುಕೊಂಡು ಕುಡಿದಳು. ಎರಡು ವರ್ಷದ ಮೇಲೆ ಪಂಪಮ್ಮನಿಗೆ ಬಳ್ಳಾರಿಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಹುಡುಗನ ಜೊತೆ ಮದುವೆಯಾಯಿತು. ಅವರಿಗೂ ಮರಿಬಸಪ್ಪ ಮೊದಲೇ ಹೇಳಿದ್ದ. ಹುಡುಗನ ತಾಯಿ, "ನಮ್ಮ ಮನ್ಯಾಗ ಸಕ್ಕರಿ ರೋಗ ಐತ್ರಿ, ಅದನ್ನೂ ನೀವು ಕೇಳ್ಕೊಂಡುಬಿಡ್ರಿ," ಎಂದಿದ್ದಳು.

ನೀಲಾ ಪ್ರತಿವರ್ಷ ಸುಗ್ಗಿಯ ಎರಡು ತಿಂಗಳು ಕುರುಗೋಡಿನಲ್ಲಿ ಬೆಳೆದಳು. ಅಲ್ಲಿನ ಶಾಲೆಯ ಮೇಷ್ಟ್ರು ಮೊದಲು ತಕರಾರು ಮಾಡಿ, ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತು ಹೋಗಲಿ ಎಂದರು. ಉಬ್ಬಸ ಪೂರ್ತಿ ಹೋಗಲಿಲ್ಲ. ಒಂದು ಸಲ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ಇಡಬೇಕಾಯಿತು. ಹದಿಮೂರು ತುಂಬುವ ಹೊತ್ತಿಗೆ ವರ್ಷಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಅವಳ ಬೆನ್ನಿಗೆ ಹುಟ್ಟಿದ ತಮ್ಮನಿಗೆ ಎದೆ ಹಿಡಿಯಲಿಲ್ಲ. ಮೊಣಕೈ ಮಡಿಕೆಯಲ್ಲಿ ಇಸಬು ಕಂಡಿತು. ಎರ್ರೆಪ್ಪ ಅದಕ್ಕೆ ಹಚ್ಚುವ ಮುಲಾಮು ಹಿಡಿದುಕೊಂಡು ಬಳ್ಳಾರಿಯಿಂದ ತಾನೇ ಬಂದ; ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದಿದ್ದ. ಮೂರನೆಯ ಮಗುವಿಗೆ ಏನೂ ಬರಲಿಲ್ಲ.

ಗಿಡ್ಡಮ್ಮ ಸಿರುಗುಪ್ಪಕ್ಕೆ ಬಂದದ್ದು ೧೯೭೯ರ ಜೂನಿನಲ್ಲಿ, ಪಂಪಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ. ಗದ್ದೆಗಳಲ್ಲಿ ಬೆಳೆ ಇರದ ತಿಂಗಳು ಅದು. ಧೂಳಿರುವುದಿಲ್ಲ, ಆಗ ಬರುತ್ತೇನೆಂದು ಅವಳೇ ಹೇಳಿಕಳಿಸಿದ್ದಳು. ಹುಟ್ಟಿದ ಮನೆಯ ಬಾಗಿಲು ದಾಟದೆ ಮೂವತ್ತೊಂದು ವರ್ಷವಾಗಿತ್ತು. ಬಂದವಳು ಮೊದಲು ನಡುಮನೆಗೆ ಹೋಗಿ ತಾಯಿ ಒರಗಿ ಕೂರುತ್ತಿದ್ದ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೂಸನ್ನು ಎತ್ತಿಕೊಂಡಳು.

ನಂಟರೆಲ್ಲ ಹೋದ ಮೇಲೆ, ಸಂಜೆ, ಜಂಬಮ್ಮ ಮತ್ತು ಅವಳು ಕಟ್ಟೆಯ ಮೇಲೆ ಕೂತು ಉಳಿದ ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತೊಂದನ್ನು ಜಂಬಮ್ಮ ಆಗ ಕೇಳಿದಳು.

"ಅಷ್ಟು ವರ್ಷ ಒಬ್ಬಾಕಿಗೇ ಬ್ಯಾಸರ ಆಗಲಿಲ್ಲೇನು ನಿನಗ?"

"ಆಗ್ತಿತ್ತು," ಎಂದಳು ಗಿಡ್ಡಮ್ಮ. "ಈಗ ಎರಡು ತಿಂಗಳು ನೀಲಾ ಇರ್ತಾಳ. ಉಳಿದ ಹತ್ತು ತಿಂಗಳು ಅಕಿ ಬರೋದನ್ನ ಕಾಯ್ತೀನಿ. ವರ್ಷ ಹೋದದ್ದು ಗೊತ್ತಾಗಂಗಿಲ್ಲ."

ಜಂಬಮ್ಮ ಎಲೆಯ ಗಂಟು ಬಿಗಿದಳು. "ಇನ್ನೆರಡು ದಿನ ಇದ್ದು ಹೋಗು," ಎಂದಳು.

ಗಿಡ್ಡಮ್ಮ ಇನ್ನೆರಡು ದಿನ ಇದ್ದಳು. ಮೂರನೆಯ ದಿನ ಹೊಲಿಯಲು ಕೊಟ್ಟವರು ಕಾಯುತ್ತಿರುತ್ತಾರೆಂದು ಬೆಳಗಿನ ಬಸ್ಸಿಗೆ ಹೊರಟಳು.